ಅಡಿಕೆ ಸುಲಿಯುವಲ್ಲಿಗೆ ಬಂದ ಸಿಸ್ಟರ್

ನಾನು ಉತ್ತರ ಕನ್ನಡದ ಮಂಚಿಕೇರಿ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗಿ. ಶಿರಸಿಯಲ್ಲಿ ಸಿಸ್ಟರ್‌ಗಳ ಹಾಸ್ಟೆಲ್‌ನಲ್ಲಿದ್ದು ನಮ್ಮ ಶಾಲೆಯಲ್ಲಿ ಹತ್ತನೇ ಕ್ಲಾಸ್ ಮುಗಿಸಿದೆ. ಮಿಷನರಿ ಅಂದ ಕೂಡಲೇ ಈಗ ಜನ ಮತಾಂತರದ ಮಾತಿಗೇ ಹೋಗುತ್ತಾರೆ. ನಾನು ಕಂಡದ್ದು ಜಾಸ್ತಿ ಮನೆಮನೆಗೆ ಅವರ ನಡಿಗೆ.

ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ನಮ್ಮ ಸಿಸ್ಟರ್ ಬಸ್ಸಿಳಿದು, ಕೊಡೆ ಹಿಡಿದು, ಹಳ್ಳ ದಾಟಿ, ಕಾಲಿಗೆ ಹತ್ತಿದ ಉಂಬಳ ಕಿತ್ತು ಎಸೆಯುತ್ತಾ ನಮ್ಮ ಕೇರಿಗೆ ಬರುತ್ತಿದ್ದರು. ಇದ್ದದ್ದು ಐದಾರು ಮನೆ. ಯಾವ ಮಗು ಎಷ್ಟನೇ ಕ್ಲಾಸು, ಯಾರಿಗೆ ಜ್ವರ, ಯಾರ ರೇಷನ್ ಕಾರ್ಡ್ ಆಗಿಲ್ಲ, ಎಲ್ಲಾ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. 2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ ಮೇಲೆ ಸರ್ಟಿಫಿಕೇಟಿನ ಅರ್ಜಿಗಳೂ ಅದೇ ಚೀಲದಲ್ಲಿ ಬರತೊಡಗಿದವು.

ಕಷ್ಟ ಇದ್ದದ್ದು ಅಡಿಕೆ ಕೊಯ್ಲಿನಲ್ಲಿ. ಕ್ರಿಸ್ಮಸ್ ರಜೆಗೆ ಮನೆಗೆ ಬಂದ ಮಕ್ಕಳು ವಾಪಸ್ ಹೋಗುವುದೇ ಇಲ್ಲ. ತೋಟದ ಒಡೆಯರ ಮನೆಯಂಗಳದಲ್ಲಿ ರಾತ್ರಿಯವರೆಗೂ ಸುಲಿತ, ಡಬ್ಬಿ ಲೆಕ್ಕದ ಕೂಲಿ, ಮಕ್ಕಳ ಕೈ ಸೇರಿದರೆ ಡಬ್ಬಿ ಬೇಗ ತುಂಬುತ್ತದೆ ಅಲ್ವಾ? ಒಂದು ವರ್ಷ ಜನವರಿ ಅರ್ಧ ಕಳೆದರೂ ನಾನು ಅಲ್ಲೇ ಇದ್ದೆ. ಒಂದು ಸಂಜೆ ಸಿಸ್ಟರ್ ಅಂಗಳಕ್ಕೇ ಬಂದರು. ಬೈಯಲಿಲ್ಲ. ಆಯಿಯ (ಅಮ್ಮನ) ಪಕ್ಕ ಖಾಲಿ ಇದ್ದ ಮೆಟ್ಟುಗತ್ತಿಯ ಮಣೆಯ ಮೇಲೆ ಕೂತು ಸುಲಿಯಲಿಕ್ಕೆ ಶುರು ಮಾಡಿದರು. ತೋಟದ ಮನೆಯಲ್ಲಿ ಹುಟ್ಟಿದವರು ಅಂತ ಕೈ ನೋಡಿದರೇ ಗೊತ್ತಾಗುತ್ತಿತ್ತು. ಸುಲಿದದ್ದನ್ನು ಆಯಿಯ ಡಬ್ಬಿಗೇ ಸುರಿದು ಆಮೇಲೆ ಕೇಳಿದರು, 'ಇವಳಿಗೆ ಪರೀಕ್ಷೆ ಹತ್ತಿರ ಬಂತು. ನಾಳೆ ಕಳಿಸ್ತೀರಾ?'

'ಮುಂಗಡ ತೀರಿಸೋದು ಯಾರು ಸಿಸ್ಟರ್?' ಅಂದಳು ಆಯಿ.

ಅದು ಸುಮ್ನೆ ಕೇಳಿದ ಮಾತಲ್ಲ. ಒಡೆಯರಿಂದ ಮೊದಲೇ ತಗೊಂಡ ದುಡ್ಡು ಕೂಲಿಯಲ್ಲೇ ತೀರಬೇಕು. ನಮ್ಮಂಥ ಎಷ್ಟೋ ಮನೆಗಳಲ್ಲಿ ಓದು ನಿಂತದ್ದು ಅಲ್ಲಿಯೇ. ಸಿಸ್ಟರ್ ಎದ್ದು ಒಳಗೆ ಹೋಗಿ ಒಡೆಯರ ಹತ್ತಿರ ಮಾತಾಡಿದರು. ಏನು ಹೇಳಿದರೋ, ಒಡೆಯರು ನನ್ನ ಪಾಲಿನ ಕೆಲಸವನ್ನು ಏಪ್ರಿಲ್ ರಜೆಗೆ ಮುಂದೂಡಿದರು. ಮರುದಿನ ಬೆಳಿಗ್ಗೆ ನಾನು ಬಸ್ಸಿನಲ್ಲಿದ್ದೆ.

ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ತಪ್ಪಿಸಿಕೊಂಡು ಈ ಘಟ್ಟದ ಕಾಡು ಸೇರಿದವರು ನಮ್ಮ ಹಿರಿಯರು. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂವರೂ ಇದ್ದೇವೆ. ನಮ್ಮದು ಹಿಂದೂ ಮನೆ. ಹಾಸ್ಟೆಲ್‌ನಲ್ಲಿ ನನ್ನ ಪಕ್ಕದ ಹಾಸಿಗೆಯವಳು ಹಳಿಯಾಳದ ಕ್ಯಾಥೊಲಿಕ್ ಸಿದ್ದಿ, ಅವಳ ಅಜ್ಜಿ ಹೊಲಿದ ಕೌದಿಯ ಮಧ್ಯೆ ಕೆಂಪು ಬಟ್ಟೆಯ ಶಿಲುಬೆ, ನಮ್ಮಜ್ಜಿಯದರಲ್ಲಿ ಅದಿಲ್ಲ, ಆದರೆ ನಾಲ್ಕೂ ಮೂಲೆಗೆ ಮಡಚಿ ಹೊಲಿದ ಬಟ್ಟೆಯ ಹೂವು ಎರಡರಲ್ಲೂ ಒಂದೇ ಥರ. ಯಲ್ಲಾಪುರ ತಾಲೂಕಿನ ಸಾತುಂಬೈಲಿನ ಸಿದ್ದಿನಾಸ್ ದೇವರ ಜಾತ್ರೆಗೆ ಮೂರೂ ಧರ್ಮದವರು ಹೋಗುತ್ತೇವೆ. ಹೋಗಬೇಡ ಅಂತ ಸಿಸ್ಟರ್ ಯಾವತ್ತೂ ಅನ್ನಲಿಲ್ಲ, ರಜೆ ಚೀಟಿಗೆ ಸಹಿ ಹಾಕಿ ಕಳಿಸಿದರು. ಮೇರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ ನಾನೂ ಬುಟ್ಟಿಯಲ್ಲಿ ಹೂವು ಹಿಡಿದು ಸಾಲಿನಲ್ಲಿ ನಿಂತಿದ್ದೇನೆ, ಖುಷಿಯಿಂದಲೇ.

ಎಲ್ಲಾ ಚೆನ್ನಾಗಿತ್ತು ಅಂತಲ್ಲ. ನಮ್ಮ ಕೂದಲು ನೋಡಿ, ಮನೆಯ ಕೊಂಕಣಿ ಕೇಳಿ ನಗುವವರಿದ್ದರು, ಅದು ತುಂಬಾ ನೋಯುತ್ತಿತ್ತು. ಒಂದು ವಾರ್ಷಿಕೋತ್ಸವಕ್ಕೆ ಸಿಸ್ಟರ್ ನಮ್ಮೂರಿಂದ ನಮ್ಮ ಚರ್ಮವಾದ್ಯ ಡಮಾಮಿ ತರಿಸಿ ನಮ್ಮನ್ನೇ ಕುಣಿಸಿದ ಮೇಲೆ ನಗು ಕಡಿಮೆಯಾಯಿತು.

ಈ ಥರದ ಕೆಲಸಕ್ಕೆ ಹೆಸರು ಬರುವುದು ಕಡಿಮೆ. ಬಾಸೆಲ್ ಮಿಷನ್ ಅಂದರೆ ಕಿಟ್ಟೆಲ್ ನಿಘಂಟು, 1843ರ ಮಂಗಳೂರ ಸಮಾಚಾರ ಪತ್ರಿಕೆ ಎಲ್ಲರಿಗೂ ಗೊತ್ತು. ಮುಂಡಗೋಡದ ಲೊಯೋಲ ವಿಕಾಸ ಕೇಂದ್ರದಲ್ಲಿ ಜೆಸ್ವಿಟ್ ಪಾದ್ರಿಗಳು ಸಿದ್ದಿ, ಗೌಳಿ, ಲಂಬಾಣಿಗಳ ನಡುವೆ ಮಾಡುತ್ತಾ ಬಂದ ಕೆಲಸ ಶಿರಸಿಯಲ್ಲೇ ಎಷ್ಟು ಜನರಿಗೆ ಗೊತ್ತು?

ಈಗಲೂ ಕೊಯ್ಲಿನ ಹೊತ್ತಿಗೆ ಮಕ್ಕಳು ಶಾಲೆ ಬಿಡುತ್ತಾರೆ. ನಮ್ಮ ಬ್ಯಾಚಿನ ಕೆಲವರು ಅಂಥ ಮನೆಗಳಿಗೆ ಹೋಗಿ ಬರುತ್ತಿದ್ದೇವೆ, ಮುಂಗಡದ ವಿಷಯವನ್ನೂ ಮಾತಾಡುತ್ತೇವೆ. ಬರುವ ಜನವರಿಗೆ ಇನ್ನೂ ಜನ ಬೇಕು. ಬರುವವರು ಹಾಸ್ಟೆಲ್ ಆಫೀಸಿನಲ್ಲಿ ಹೆಸರು ಕೊಡಿ.