ಒಂದು ಪರ್ಸೆಂಟೋ, ಇಪ್ಪತ್ಮೂರು ಪರ್ಸೆಂಟೋ

"ಲೆಕ್ಕ ಆಮೇಲೆ ನೋಡೋಣ, ಮೊದಲು ನೀನು ಯಾವ ಪಾರ್ಟಿ ಹೇಳು."

ಮಂಗಳವಾರ ರಾತ್ರಿ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿನಲ್ಲಿ ಬಿದ್ದ ಈ ಸಾಲು ವಾರ ಕಳೆದರೂ ತಲೆಯಿಂದ ಇಳಿದಿಲ್ಲ. ಬರೆದವರು ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದ ಸೀನಿಯರ್. ಬಡ್ಡಿ, ಅಸಲು, ಕಂತು ಅಂತ ಬದುಕಿಡೀ ಲೆಕ್ಕದಲ್ಲೇ ಕಳೆದವರು. ಅವರೇ ಲೆಕ್ಕವನ್ನು ಆಮೇಲಕ್ಕೆ ಇಟ್ಟಿದ್ದಕ್ಕೆ ನಗು ಬರುತ್ತದೆ, ಸ್ವಲ್ಪ ಸಿಟ್ಟೂ ಬರುತ್ತದೆ.

ಜಗಳ ಹಳೆಯದೇ: ನಮ್ಮ ತೆರಿಗೆ, ನಮ್ಮ ಪಾಲು. 2024ರ ಫೆಬ್ರವರಿ 7ರಂದು ರಾಜ್ಯ ಸರ್ಕಾರವೇ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಾಗ ಹುಟ್ಟಿದ ಪೋಸ್ಟರುಗಳು ಈಗಲೂ ಮೂರು ತಿಂಗಳಿಗೊಮ್ಮೆ ಎದ್ದು ಬರುತ್ತವೆ. ಕೇಂದ್ರದ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಅಂತ ಐದು ವರ್ಷಕ್ಕೊಮ್ಮೆ ಹೇಳುವುದು ಹಣಕಾಸು ಆಯೋಗ. 16ನೆಯದರ ಮಾತು ಬೇರೆ. ಗ್ರೂಪಿನಲ್ಲಿ ಹೊಡೆದಾಡಿದ್ದು ಅದಕ್ಕೂ ಹಿಂದಿನ ಲೆಕ್ಕದ ಮೇಲೆ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ (ಹುಡುಗ ಅಂದರೂ ನಲವತ್ತು ದಾಟಿದೆ) "ಕರ್ನಾಟಕದ ಪಾಲು 23 ಪರ್ಸೆಂಟ್ ಕಿತ್ಕೊಂಡಿದ್ದಾರೆ ಸಾರ್" ಅಂದ. ಮ್ಯಾನೇಜರ್ ಸಾಹೇಬರು "ಸುಳ್ಳು ಹೇಳಬೇಡಪ್ಪ, ಕಮ್ಮಿಯಾಗಿರೋದು ಒಂದೇ ಪರ್ಸೆಂಟ್" ಅಂದರು. ಒಬ್ಬರನ್ನೊಬ್ಬರು ಸುಳ್ಳುಗಾರ ಅನ್ನುತ್ತಾ ನಲವತ್ತು ಮೆಸೇಜು ಓಡಿತು.

ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. 14ನೇ ಹಣಕಾಸು ಆಯೋಗ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಕರ್ನಾಟಕಕ್ಕೆ ಇಟ್ಟಿದ್ದು ಶೇ 4.713. 15ನೇ ಆಯೋಗದ ಅಂತಿಮ ವರದಿಯಲ್ಲಿ, ಅಂದರೆ 2021ರಿಂದ 26ರವರೆಗಿನ ಲೆಕ್ಕದಲ್ಲಿ, ಅದು ಶೇ 3.647. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ 1.066. ಇದು ಸಾಹೇಬರ 'ಒಂದು ಪರ್ಸೆಂಟ್'. ಆ 1.066ನ್ನು 4.713ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 22.6. ಇದು ಹುಡುಗನ 'ಇಪ್ಪತ್ಮೂರು'. ಬಡ್ಡಿ ದರ ಎಂಟರಿಂದ ಆರಕ್ಕೆ ಇಳಿದಾಗ 'ಎರಡು ಪರ್ಸೆಂಟ್ ಕಮ್ಮಿಯಾಯ್ತು' ಅಂತ ಬ್ಯಾಂಕಿನವರು ಹೇಳುತ್ತಾರೆ. ಆ ಬಡ್ಡಿಯಲ್ಲೇ ಸಂಸಾರ ನಡೆಸುವವರು ಕಾಲು ಭಾಗ ಆದಾಯ ಹೋಯಿತು ಅನ್ನುತ್ತಾರೆ. ಕೌಂಟರಿನ ಆಚೆಗೂ ಈಚೆಗೂ ನಿಂತು ಇದನ್ನು ಕೇಳಿಸಿಕೊಂಡವರಿಗೆ ವಾಟ್ಸಾಪಿನಲ್ಲಿ ಮಾತ್ರ ಹೊಳೆಯಲಿಲ್ಲ.

ರಾಜಕೀಯ ಜಗಳದಲ್ಲಿ ಹಸಿ ಸುಳ್ಳು ಹಿಡಿಯುವುದು ಅಷ್ಟು ಕಷ್ಟವಲ್ಲ. ಕಷ್ಟ ಇರುವುದು ಇಂಥ ಜೋಡಿ ನಿಜಗಳಲ್ಲಿ. ಅಂಕಿ ಕಂಡ ಕೂಡಲೇ ಸರಿಯೋ ತಪ್ಪೋ ಅಂತ ಹುಡುಕಲು ಹೊರಟರೆ ದಾರಿ ತಪ್ಪಿದಂತೆ. ಯಾವುದರಲ್ಲಿ ಇಷ್ಟು, ಯಾವ ವರ್ಷದಿಂದ ಇಷ್ಟು, ಭಾಗಿಸುವಾಗ ಮೇಲಿನ ಅಂಕಿಯಲ್ಲಿ ಏನೇನು ಸೇರಿದೆ, ಕೆಳಗಿನದರಲ್ಲಿ ಏನೇನು ಸೇರಿದೆ, ಇವನ್ನು ಮೊದಲು ಕೇಳಬೇಕು. ಎದುರಿನವರ ವಾದವನ್ನು ಒಂದೇ ಸಾಲಿನಲ್ಲಿ ಬರೆದು "ನೀವು ಹೇಳ್ತಿರೋದು ಇದೇ ತಾನೆ ಸಾರ್?" ಅಂತ ಒಪ್ಪಿಗೆ ತೆಗೆದುಕೊಂಡೇ ಹುಡುಕಾಟಕ್ಕೆ ಇಳಿಯಬೇಕು. ಇಲ್ಲದಿದ್ದರೆ ಪುರಾವೆ ತರುವಷ್ಟರಲ್ಲಿ ವಾದ ಬೇರೆ ಗಲ್ಲಿಗೆ ತಿರುಗಿರುತ್ತದೆ.

ವರ್ಷದ ಆಟ ನೋಡಿ. ಹಂಚಬೇಕಾದ ತೆರಿಗೆ ನೂರು ರೂಪಾಯಿ ಅಂದುಕೊಳ್ಳೋಣ. 13ನೇ ಆಯೋಗ ಅದರಲ್ಲಿ 32 ರೂಪಾಯಿಯನ್ನು ರಾಜ್ಯಗಳಿಗೆ ಕೊಟ್ಟಿತು. ಅದರಲ್ಲಿ ನಮ್ಮ ಪಾಲು ಶೇ 4.328, ಅಂದರೆ ಸುಮಾರು 1 ರೂಪಾಯಿ 38 ಪೈಸೆ. 14ನೆಯದು 42 ರೂಪಾಯಿ ಕೊಟ್ಟಿತು. ನಮಗೆ 1 ರೂಪಾಯಿ 98 ಪೈಸೆ. 15ನೆಯದು 41, ನಮಗೆ 1 ರೂಪಾಯಿ 50 ಪೈಸೆ. ಈ ಮೂರು ಅಂಕಿ ಪಕ್ಕಪಕ್ಕ ಇಟ್ಟುಕೊಂಡರೆ ಯಾವ ಪಾರ್ಟಿಯವರಾದರೂ ತಮಗೆ ಬೇಕಾದ ಭಾಷಣ ಮಾಡಬಹುದು. 14ರಿಂದ ಎಣಿಸಿದರೆ ಅನ್ಯಾಯ, 13ರಿಂದ ಎಣಿಸಿದರೆ ಔದಾರ್ಯ. 42 ಹೋಗಿ 41 ಆಗಿದ್ದನ್ನೂ 'ರಾಜ್ಯಗಳ ಲೂಟಿ' ಅಂತ ಪೋಸ್ಟರ್ ಮಾಡಿದ್ದಾರೆ. ಜಮ್ಮು ಕಾಶ್ಮೀರ ಕೇಂದ್ರಾಡಳಿತ ಪ್ರದೇಶವಾಗಿ ರಾಜ್ಯಗಳ ಪಟ್ಟಿಯಿಂದ ಹೊರಗೆ ಹೋದದ್ದಕ್ಕೆ ಆ ಒಂದನ್ನು ಕಡಿಮೆ ಮಾಡಿದ್ದು ಅಂತ ಆಯೋಗವೇ ಬರೆದಿದೆ. ವರದಿ ತೆರೆದವರಿಗೆ ಮಾತ್ರ ಕಾಣುವ ಸಂಗತಿ ಇದು.

ಹಾಗಂತ ಹುಡುಗನ ಸಿಟ್ಟಿಗೆ ಅರ್ಥವಿಲ್ಲ ಅನ್ನುವಂತಿಲ್ಲ. ತೆರಿಗೆಯ ಮೇಲೆ ಕೇಂದ್ರ ಹೆಚ್ಚುವರಿಯಾಗಿ ಹಾಕುವ ಸೆಸ್ಸು, ಸರ್‌ಚಾರ್ಜುಗಳು ಸಂವಿಧಾನದ 270ನೇ ವಿಧಿಯ ಪ್ರಕಾರ ಹಂಚುವ ಮೊತ್ತಕ್ಕೆ ಸೇರುವುದೇ ಇಲ್ಲ. ಪೆಟ್ರೋಲಿನ ಮೇಲೆ ಸೆಸ್ಸು ಏರಿಸಿದರೆ ರಾಜ್ಯಗಳಿಗೆ ಅದರಲ್ಲಿ ಪಾಲಿಲ್ಲ. 41 ಅನ್ನುವ ಅಂಕಿ ಕದಲದೆ ಇದ್ದರೂ ಯಾವುದರ 41 ಅನ್ನುವುದು ಕುಗ್ಗಬಹುದು. ಸಾಹೇಬರ 'ದುಡ್ಡು ಎಷ್ಟೋ ಪಟ್ಟು ಜಾಸ್ತಿ ಬಂದಿದೆ' ಅನ್ನುವ ವಾದವೂ ಇಲ್ಲೇ ಸೊರಗುವುದು. ದೇಶದ ತೆರಿಗೆ ಬೆಳೆದರೆ ರೂಪಾಯಿ ಲೆಕ್ಕದಲ್ಲಿ ಎಲ್ಲರ ಪಾಲೂ ಬೆಳೆಯುತ್ತದೆ. ಹತ್ತು ವರ್ಷದ ಹಿಂದಿನ ಸಂಬಳದ ಪಕ್ಕ ಇವತ್ತಿನ ಸಂಬಳ ಇಟ್ಟು ಬೀಗಿದ ಹಾಗೆ ಅದು.

ಇನ್ನು ಹುಡುಗ ಹಾಕಿದ್ದ ಆ ಹೆಸರುವಾಸಿ ಪೋಸ್ಟರು, 'ಕೇಂದ್ರಕ್ಕೆ ನೂರು ಕೊಟ್ಟರೆ ಹದಿಮೂರು ವಾಪಸ್'. ಒಂದು ಪೋಸ್ಟರಿನಲ್ಲಿ 13, ಇನ್ನೊಂದರಲ್ಲಿ 15. ಅಂಕಿ ಹೀಗೆ ಅಲುಗಾಡುತ್ತಿದ್ದರೆ ಅನುಮಾನ ಬರಬೇಕು. ಇಬ್ಬರು ಬೇರೆ ಬೇರೆ ಸಾಮಾನು ತಕ್ಕಡಿಗೆ ಹಾಕಿರುತ್ತಾರೆ. ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಕಂಪನಿ ದೇಶದ ತುಂಬ ದುಡಿದು ಆದಾಯ ತೆರಿಗೆಯನ್ನು ಇಲ್ಲಿ ಕಟ್ಟಿದರೆ ಅಷ್ಟೂ 'ಕರ್ನಾಟಕ ಕೊಟ್ಟಿದ್ದು' ಅಂತ ದಾಖಲಾಗುತ್ತದೆ. ಮುಂಬೈನ ಬ್ಯಾಂಕು ದಾವಣಗೆರೆ ಶಾಖೆಯಲ್ಲಿ ಗಳಿಸಿದ ಲಾಭದ ತೆರಿಗೆ ಮಹಾರಾಷ್ಟ್ರದ ಖಾತೆಗೆ ಬೀಳುತ್ತದೆ. ಜಿಎಸ್‌ಟಿಯದು ಇನ್ನೊಂದು ಚಮತ್ಕಾರ. ರಾಜ್ಯದಲ್ಲಿ ವಸೂಲಾದ ಅಷ್ಟೂ ಜಿಎಸ್‌ಟಿಯನ್ನು 'ಕೊಟ್ಟಿದ್ದು' ಅಂತ ಕೆಳಗೆ ಸೇರಿಸಿ, ಅದರಲ್ಲಿ ನೇರವಾಗಿ ರಾಜ್ಯದ ಖಜಾನೆಗೇ ಬರುವ ಎಸ್‌ಜಿಎಸ್‌ಟಿಯನ್ನು 'ಬಂದಿದ್ದು' ಅಂತ ಮೇಲೆ ಸೇರಿಸದೇ ಇದ್ದರೆ ಅಂಕಿ ಭಯಂಕರವಾಗಿ ಕಾಣುತ್ತದೆ. ಕರ್ನಾಟಕ ಕೊಡುವುದು ಹೆಚ್ಚು, ಪಡೆಯುವುದು ಕಡಿಮೆ ಅನ್ನುವುದು ಇಷ್ಟೆಲ್ಲ ತಿದ್ದಿದ ಮೇಲೂ ನಿಲ್ಲುವ ಮಾತು. ನಿಲ್ಲುವ ಮಾತಿಗೆ ಯಾಕೆ ಬಣ್ಣ ಬಳಿಯಬೇಕೋ ಗೊತ್ತಾಗುವುದಿಲ್ಲ. ಎದುರಿನವರು ಬಣ್ಣ ಕೆರೆದು ತೋರಿಸಿ ಇಡೀ ಮಾತನ್ನೇ ಸುಳ್ಳು ಅಂದುಬಿಡುತ್ತಾರೆ.

ಕೇಂದ್ರ ಕರ್ನಾಟಕಕ್ಕೆ ಕೊಡಲಿಲ್ಲ ಅನ್ನುವ 11,495 ಕೋಟಿಯ ಮಾತೂ ಬಂತು. ಇಂಥ ದೊಡ್ಡ ಮೊತ್ತ ಕಂಡರೆ ಮೊದಲು ಒಡೆದು ನೋಡಬೇಕು. 5,495 ಕೋಟಿ 15ನೇ ಆಯೋಗದ 2020-21ರ ಮಧ್ಯಂತರ ವರದಿಯ ವಿಶೇಷ ಅನುದಾನ. ಉಳಿದ 6,000 ಕೋಟಿ ಅಂತಿಮ ವರದಿಯಲ್ಲಿ ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಗೂ ಕೆರೆಗಳಿಗೂ ಅಂತ ಹೇಳಿದ್ದು. ಎರಡು ವರದಿ, ಎರಡು ಶಿಫಾರಸು. ಶಿಫಾರಸು ಆಗಿತ್ತಾ ಅನ್ನುವ ಪ್ರಶ್ನೆಗೂ ಕೇಂದ್ರ ಅದನ್ನು ಒಪ್ಪಿತ್ತಾ ಅನ್ನುವ ಪ್ರಶ್ನೆಗೂ ಬೇರೆ ಬೇರೆ ಉತ್ತರ ಇದೆ. ಜಗಳವಾಡುವವರು ಒಂದಕ್ಕೆ ಕೇಳಿದರೆ ಇನ್ನೊಂದಕ್ಕೆ ಉತ್ತರ ಕೊಡುತ್ತಾರೆ.

ಪುರಾವೆ ಇಡುವುದೂ ಒಂದು ಕಸುಬು. ಐನೂರು ಪುಟದ ಪಿಡಿಎಫ್ ತಂದು ಗ್ರೂಪಿಗೆ ಸುರಿದರೆ ಯಾರೂ ತೆರೆಯುವುದಿಲ್ಲ. ನೆಟ್ ಪ್ಯಾಕ್ ಹಾಳು ಅಂತ ಬೈಗುಳ ಬೇರೆ. ಒಂದೇ ಪುಟ ಸಾಕು. ಸ್ಕ್ರೀನ್‌ಶಾಟಿನಲ್ಲಿ ವರದಿಯ ಹೆಸರು, ಪುಟದ ನಂಬರು, ಕೋಷ್ಟಕದ ತಲೆಬರಹ ಮೂರೂ ಕಾಣಬೇಕು. ಬೇಕಾದ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಲಿಂಕನ್ನು ಪಕ್ಕದಲ್ಲಿ ಇಡಬೇಕು. ಬರೀ ಸಾಲನ್ನು ಕತ್ತರಿಸಿ ಹಾಕಿದರೆ 'ಎಡಿಟ್ ಮಾಡಿದ್ದು' ಅನ್ನುತ್ತಾರೆ, ಅವರದೂ ತಪ್ಪಲ್ಲ. ಸಂಸತ್ತಿನ ಉತ್ತರವಾದರೆ ಪ್ರಶ್ನೆಯ ಸಂಖ್ಯೆ ಮತ್ತು ದಿನಾಂಕ ಎರಡೂ ಬೇಕು. ವೆಬ್‌ಪುಟವಾದರೆ ಮೊದಲೇ ಹಳೆ ವೆಬ್ ಪುಟಗಳನ್ನು ಕಾಪಿಡುವ ವೇಬ್ಯಾಕ್ ಮಷಿನ್‌ನಲ್ಲಿ ಉಳಿಸಿಟ್ಟು ಆ ಕೊಂಡಿ ಕೊಡುವುದು ಕ್ಷೇಮ. ಎದುರಿನವರ ಮಾತನ್ನೂ ಉತ್ತರಿಸುವ ಮುಂಚೆ ಸ್ಕ್ರೀನ್‌ಶಾಟ್ ಹೊಡೆದಿಡಬೇಕು. ಫೇಸ್‌ಬುಕ್ಕಿನಲ್ಲಾದರೆ ತಿದ್ದಿದ ಇತಿಹಾಸ ಸಿಗುತ್ತದೆ, ವಾಟ್ಸಾಪಿನಲ್ಲಿ ತಿದ್ದಿದ್ದು ಅಂತ ಗೊತ್ತಾಗುತ್ತದೆಯೇ ಹೊರತು ಮೊದಲು ಏನಿತ್ತು ಅಂತ ತಿಳಿಯುವುದಿಲ್ಲ.

ನಡುವೆ ಯಾರೋ ಒಬ್ಬರು, ಅಂಕಿ ಅರ್ಥವಾಗದೆ ಬೇಸರವಾಗಿರಬೇಕು, ನೀರಲ್ಲಿ ಮುಳುಗಿದ ರಸ್ತೆಯ ಫೋಟೊ ಹಾಕಿ 'ಇದೇ ನಮ್ಮ ತೆರಿಗೆಯ ಫಲ' ಅಂದರು. ಫೋಟೊದ್ದು ಸುಲಭ. ಮೇಲಿನ ಬರಹ ಕತ್ತರಿಸಿ ಗೂಗಲ್ ಲೆನ್ಸಿಗೆ ಹಾಕುವುದು. ಮುಂದಿರುವ ಕಾರಿನದೇ ಫಲಿತಾಂಶ ಬರುತ್ತಿದ್ದರೆ ಕಾರನ್ನು ಬಿಟ್ಟು ಹಿಂದಿನ ಅಂಗಡಿ ಬೋರ್ಡನ್ನು ಮಾತ್ರ ಆಯ್ದು ಮತ್ತೆ ಹಾಕುವುದು. ಬೋರ್ಡು ತೆಲುಗಿನಲ್ಲಿತ್ತು. ಅಲ್ಲಿಗೆ ಮುಗಿಯಿತು.

ಸಾಹೇಬರ 'ಒಂದೇ ಪರ್ಸೆಂಟ್'ಗೆ ಉತ್ತರವಾಗಿ ಹುಡುಗ ಗ್ರೂಪಿಗೆ ಹಾಕಿದ ಸ್ಕ್ರೀನ್‌ಶಾಟ್ ಹೆಚ್ಚುಕಡಿಮೆ ಹೀಗೇ ಇತ್ತು. ಪುಟದ ನಂಬರು, ಕೆಂಪು ಗೆರೆ, 3.647. 'ಟೈಪಿಂಗ್' ಅಂತ ಬಂತು, ನಿಂತಿತು, ಮತ್ತೆ ಬಂತು. ಐದು ನಿಮಿಷ. ಆಮೇಲೆ ಆ ಸಾಲು: "ಲೆಕ್ಕ ಆಮೇಲೆ ನೋಡೋಣ, ಮೊದಲು ನೀನು ಯಾವ ಪಾರ್ಟಿ ಹೇಳು."

ಬರೀ ಹಠ ಅಂತ ಮೊದಲು ಅನ್ನಿಸಿತ್ತು. ಈಗ ಆ ಐದು ನಿಮಿಷ ನೆನಪಾದಾಗ ಹಾಗನ್ನಿಸುವುದಿಲ್ಲ. ಅವರು ಕ್ಯಾಲ್ಕುಲೇಟರ್ ತೆಗೆದು ಭಾಗಿಸಿಯೇ ನೋಡಿರಬೇಕು. ಆ ಕೈ ಸುಮ್ಮನಿರುವುದಲ್ಲ. 22.6 ಕಣ್ಣಿಗೆ ಬಿದ್ದಿರುತ್ತದೆ. ನೂರಾ ಎಂಬತ್ತು ಜನರ ಎದುರು, ಅದರಲ್ಲಿ ಅರ್ಧ ಜನ ತಮಗಿಂತ ಕಿರಿಯರು, 'ಹೌದಪ್ಪ' ಅನ್ನುವುದು ಬೇಡವಾಗಿ ಈ ದಾರಿ ಹಿಡಿದಿರುತ್ತಾರೆ. ಖಾಸಗಿಯಾಗಿ ಕಳಿಸಿದ್ದರೆ ಬೇರೆ ಉತ್ತರ ಬರುತ್ತಿತ್ತೇನೋ. ಹುಡುಗನಿಗೆ ಲೆಕ್ಕ ಗೊತ್ತು, ಆದರೆ ಗೆದ್ದದ್ದನ್ನು ಎಲ್ಲರೂ ನೋಡಲಿ ಅನ್ನುವ ಚಪಲವೂ ಇದೆ. ಅದೇ ಹುಡುಗ 'ಹದಿಮೂರು ರೂಪಾಯಿ' ಪೋಸ್ಟರಿಗೆ ಒಂದು ಸ್ಕ್ರೀನ್‌ಶಾಟನ್ನೂ ತಾನೇ ತಾನಾಗಿ ಹುಡುಕಿರಲಿಲ್ಲ.

ಬುಧವಾರ ಬೆಳಿಗ್ಗೆ ನೋಡಿದರೆ ಆ ಪೋಸ್ಟರಿನ ಜಾಗದಲ್ಲಿ 'ಈ ಸಂದೇಶವನ್ನು ಅಳಿಸಲಾಗಿದೆ' ಅಂತಿತ್ತು. ಅದರ ಕೆಳಗೆ ಬರೆದಿದ್ದ 'ನೂರಕ್ಕೆ ಹದಿಮೂರೇ ಸಾರ್ ಬರೋದು' ಅನ್ನುವ ಸಾಲನ್ನೂ ರಾತ್ರಿಯೇ ತೆಗೆದಿದ್ದಾನೆ. ಆದರೆ ಸಾಹೇಬರು ಆ ಸಾಲನ್ನೇ ಒತ್ತಿ ಹಿಡಿದು ಉತ್ತರ ಬರೆದಿದ್ದರಿಂದ, ಅವರ ಮೆಸೇಜಿನ ನೆತ್ತಿಯ ಮೇಲೆ ಬೂದು ಪಟ್ಟಿಯೊಳಗೆ ಅದು ಇನ್ನೂ ಹಾಗೇ ಕೂತಿದೆ.