ಶೀಟು ಎಣಿಸಬೇಡಿ, ಮಾತ್ರೆ ಎಣಿಸಿ: ಮನೆಯ ಔಷಧಿ ದಾಸ್ತಾನಿಗೆ ಮೆಡಿಕಲ್ ಕೌಂಟರಿನ ಲೆಕ್ಕ

'ಅಮ್ಮನ ಬಿಪಿದು ಎರಡು ಶೀಟು ಕೊಡಿ, ತಿಂಗಳಿಗಾಗುತ್ತೆ.' ಮೆಡಿಕಲ್ ಕೌಂಟರಿನಲ್ಲಿ ದಿನವೂ ಕೇಳುವ ಮಾತಿದು. ಆಗುತ್ತೋ ಇಲ್ಲವೋ ಅನ್ನುವುದು ಶೀಟಿನ ಮೇಲೆ ನಿಂತಿದೆ. ಒಂದು ಕಂಪನಿಯ ಶೀಟಿನಲ್ಲಿ 10 ಮಾತ್ರೆ, ಇನ್ನೊಂದರದ್ದರಲ್ಲಿ 14, ಮತ್ತೊಂದರಲ್ಲಿ 15, ಕೆಲವು ಶುಗರ್ ಮಾತ್ರೆ 20. ದಿನಕ್ಕೊಂದು ನುಂಗುವವರಿಗೆ 15ರ ಎರಡು ಶೀಟು ತಿಂಗಳಿಗೆ ಸರಿಹೋಗುತ್ತದೆ. ಆ ಕಂಪನಿಯದು ಸಿಗದೆ 10ರ ಶೀಟು ಕೊಟ್ಟರೆ ಇಪ್ಪತ್ತನೇ ದಿನಕ್ಕೇ ಡಬ್ಬಿ ಖಾಲಿ. ಹಾಗಾಗಿ ಚೀಟಿಯ ಹಿಂದೆ ಶೀಟಿನ ಲೆಕ್ಕ ಬರೆಯಬೇಡಿ, ಮಾತ್ರೆಯ ಲೆಕ್ಕ ಬರೆಯಿರಿ.

ಲೆಕ್ಕ ಸುಲಭ. ದಿನಕ್ಕೆಷ್ಟು ಮಾತ್ರೆಯೋ ಅದನ್ನು 45ರಿಂದ ಗುಣಿಸಿ. ತಿಂಗಳ ಖರ್ಚಿಗೆ 30 ದಿನದ್ದು, ಕಾಪಿಗೆ, ಅಂದರೆ ಕಷ್ಟಕಾಲಕ್ಕೆ ಎತ್ತಿಡಲು, 15 ದಿನದ್ದು. ಬಿಪಿಯ ಟೆಲ್ಮಿಸಾರ್ಟನ್ ದಿನಕ್ಕೊಂದಾದರೆ 45, ಶುಗರ್‌ನ ಮೆಟ್‌ಫಾರ್ಮಿನ್ ಬೆಳಿಗ್ಗೆ ರಾತ್ರಿ ಎಂದರೆ 90. ಮಲೆನಾಡು, ಕರಾವಳಿ, ಘಟ್ಟದ ಕೆಳಗಿನವರು ಮೇ ಮುಗಿಯುವುದರೊಳಗೆ ಕಾಪನ್ನು 30 ದಿನಕ್ಕೆ ಏರಿಸಿಕೊಳ್ಳುವುದು ಒಳ್ಳೆಯದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ದಿನಗಟ್ಟಲೆ ಬಂದಾಗಿತ್ತು. ಔಷಧಿ ಅಂಗಡಿಗಳ ಬಂದ್ ಒಂದೇ ದಿನದ್ದು (2017ರ ಮೇ 30, 2018ರ ಸೆಪ್ಟೆಂಬರ್ 28), ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು 2020ರ ಮಾರ್ಚ್‌ನಲ್ಲಿ ಆದಂಥದ್ದಕ್ಕೆ. ಕೋವಿಡ್‌ಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಒಳ್ಳೆಯದಂತೆ ಎಂದು ಸುದ್ದಿಯಾಗಿದ್ದೇ ತಡ, ರೋಗವಿಲ್ಲದವರೆಲ್ಲ ಅದನ್ನು ಕೊಂಡು ಮನೆಯಲ್ಲಿಟ್ಟರು. ಲೂಪಸ್, ಸಂಧಿವಾತಕ್ಕೆ ವರ್ಷಗಳಿಂದ ನುಂಗುತ್ತಿದ್ದವರು ಅಂಗಡಿಯಿಂದ ಅಂಗಡಿಗೆ ಅಲೆದರು. ಆ ತಿಂಗಳ 26ರಂದು ಸರ್ಕಾರ ಅದರ ಮಾರಾಟಕ್ಕೆ ಶೆಡ್ಯೂಲ್ ಎಚ್1ರ (ಚೀಟಿ ನೋಡಿ, ಪುಸ್ತಕದಲ್ಲಿ ಬರೆದೇ ಕೊಡಬೇಕಾದ ಔಷಧಿಗಳ ಪಟ್ಟಿ) ಬಿಗಿ ಹಾಕಬೇಕಾಯಿತು. ಕಾಪು ಬೇಕಾದದ್ದು ರೋಗಿಯ ಮನೆಯಲ್ಲಿ, ಪಕ್ಕದ ಮನೆಯಲ್ಲಲ್ಲ.

ಕಾಪು ಅಂದರೆ ಅಟ್ಟದ ಮೇಲೆ ಕಟ್ಟಿಡುವ ಗಂಟೂ ಅಲ್ಲ. ಹಾಗೆ ಕಟ್ಟಿಟ್ಟದ್ದು ಬೇಕಾದ ದಿನ ತೆಗೆದರೆ ಎಕ್ಸ್‌ಪೈರಿ ಆಗಿರುತ್ತದೆ. ಅಂಗಡಿಯಲ್ಲಿ ಹೊಸ ಸ್ಟಾಕು ಹಿಂದೆ, ಬೇಗ ತೀರುವ ತಾರೀಖಿನದ್ದು ಮುಂದೆ. ಮನೆಯಲ್ಲೂ ಅದೇ. 15 ದಿನದ ಮಾತ್ರೆಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿಡಿ. ಆ ಬ್ಯಾಂಡ್ ಬಿಚ್ಚುವ ದಿನವೇ ಅಂಗಡಿಗೆ ಹೋಗುವ ದಿನ. ಹೊಸದು ಬಂದ ಮೇಲೆ ಬ್ಯಾಂಡ್ ಹೊಸದಕ್ಕೆ, ಹಳೆಯದು ಹೊಟ್ಟೆಗೆ. ಶೀಟಿನ ಮೇಲೆ 08/2026 ಎಂದಿದ್ದರೆ ಆಗಸ್ಟ್ 31ರವರೆಗೆ ನಡೆಯುತ್ತದೆ. ಶೀಟು ಕತ್ತರಿಸುವಾಗ ತಾರೀಖು, ಬ್ಯಾಚ್ ನಂಬರು ಇರುವ ತುದಿಯನ್ನು ಕೊನೆಗೆ ಉಳಿಸಿಕೊಳ್ಳಿ.

ಮೂರು ತಿಂಗಳಿಗಿಂತ ಹೆಚ್ಚು ಕೊಳ್ಳುವುದು ಬೇಡ. ಡಾಕ್ಟರು ಡೋಸ್ ಬದಲಿಸಿದರೆ ಉಳಿದದ್ದೆಲ್ಲ ದಂಡ. ಕತ್ತರಿಸಿದ ಶೀಟನ್ನೂ ಫ್ರಿಜ್ಜಿನ ಔಷಧಿಯನ್ನೂ ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಹಳೆಯದೂ ಹೊಸದೂ ಒಂದೇ ಡಬ್ಬಿಯಲ್ಲಿ ಕೂರುವುದು. ಶುಗರ್‌ನ ಗ್ಲಿಮೆಪಿರೈಡ್ ಬೆರಕೆ ಮಾತ್ರೆಯ ಎಂ1, ಎಂ2 ಶೀಟುಗಳು ಕೆಲವು ಕಂಪನಿಗಳಲ್ಲಿ ಒಂದೇ ಬಣ್ಣ, ಒಂದೇ ಹೆಸರು, ವ್ಯತ್ಯಾಸ ಕೊನೆಯ ಅಂಕಿಯಲ್ಲಿ ಮಾತ್ರ. 2 ಮಿಲಿಗ್ರಾಂನಿಂದ 1ಕ್ಕೆ ಇಳಿಸಿದ ಅಜ್ಜನಿಗೆ ಮನೆಯವರು ಕಣ್ತಪ್ಪಿ ಹಳೆಯದನ್ನೇ ಕೊಟ್ಟರೆ ಶುಗರ್ ಇಳಿದು ಬೆವರಿ ಬೀಳಬಹುದು. ಡೋಸ್ ಬದಲಾದ ದಿನವೇ ಹಳೆಯ ಶೀಟು ಡಬ್ಬಿಯಿಂದ ಹೊರಗೆ ಹೋಗಬೇಕು.

ಇನ್ಸುಲಿನ್ ವಿಷಯ ಬೇರೆಯೇ. ನಮ್ಮಲ್ಲಿ ವಯಲ್ (ಸಿರಿಂಜಿಗೆ ಎಳೆದುಕೊಳ್ಳುವ ಸಣ್ಣ ಸೀಸೆ) ಹೆಚ್ಚಾಗಿ ಮಿಲಿಗೆ 40 ಯೂನಿಟ್‌ನದು, 10 ಮಿಲಿಗೆ ಒಟ್ಟು 400 ಯೂನಿಟ್. ಬೆಳಿಗ್ಗೆ 20, ರಾತ್ರಿ 12 ಎಂದರೆ ದಿನಕ್ಕೆ 32, ವಯಲ್ 12 ದಿನ ಬರುತ್ತದೆ. 45 ದಿನಕ್ಕೆ 1,440 ಯೂನಿಟ್, ಅಂದರೆ 4 ವಯಲ್. ರಾತ್ರಿ 10 ಯೂನಿಟ್ ಮಾತ್ರ ಹಾಕಿಕೊಳ್ಳುವವರಿಗೆ ವಯಲ್ ಕೊಂಡರೆ ನಷ್ಟ. ಲೆಕ್ಕಕ್ಕೆ 40 ದಿನ ಬರಬೇಕು, ಆದರೆ ಒಡೆದ ಇನ್ಸುಲಿನ್‌ಗೆ ಸಾಮಾನ್ಯವಾಗಿ 28 ದಿನವಷ್ಟೇ ಆಯಸ್ಸು (ಕೆಲವಕ್ಕೆ ಹೆಚ್ಚು, ಒಳಗಿನ ಕಾಗದ ನೋಡಿ). ಅಂಥವರಿಗೆ 3 ಮಿಲಿಯ ಪೆನ್ ಕಾರ್ಟ್ರಿಡ್ಜ್ ಒಳ್ಳೆಯದು. ಅದರಲ್ಲಿ ಮಿಲಿಗೆ 100ರಂತೆ 300 ಯೂನಿಟ್, ಪ್ರತಿ ಸಲ ಸೂಜಿ ಪರೀಕ್ಷೆಗೆ 2 ಯೂನಿಟ್ ಹೋದರೂ 25 ದಿನಕ್ಕೆ ಮುಗಿಯುತ್ತದೆ. ಒಡೆದ ತಾರೀಖನ್ನು ಅದರ ಮೇಲೆಯೇ ಪೆನ್ನಿನಲ್ಲಿ ಬರೆಯಿರಿ.

ಸಿರಿಂಜನ್ನು ವಯಲ್ ಜೊತೆಯಲ್ಲೇ ಕೊಳ್ಳಿ. ಕೆಂಪು ಟೋಪಿಯದು 40ಕ್ಕೆ, ಕಿತ್ತಳೆ ಟೋಪಿಯದು 100ಕ್ಕೆ. 100ರ ಇನ್ಸುಲಿನ್ ಅನ್ನು ಕೆಂಪು ಟೋಪಿಯ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ಮೈಗೆ ಹೋಗುವುದು 25 ಯೂನಿಟ್.

ಒಡೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಬಿಸಿಗಿಂತ ಬೇಗ ಅದನ್ನು ಕೆಡಿಸುವುದು ಹೆಪ್ಪುಗಟ್ಟುವಿಕೆ. ಒಂಟಿ ಬಾಗಿಲಿನ ಫ್ರಿಜ್ಜಿನಲ್ಲಿ ಫ್ರೀಜರಿನ ಕೆಳಗಿನ ತಟ್ಟೆಯಲ್ಲಿ ಇಟ್ಟರೆ ರಾತ್ರೋರಾತ್ರಿ ಗಟ್ಟಿಯಾಗುತ್ತದೆ. ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಂಡರೂ ಬಳಸಬಾರದು. ನಡುವಿನ ಅರೆಯಲ್ಲಿ, ರಟ್ಟಿನ ಪೆಟ್ಟಿಗೆಯೊಳಗೇ, ಹಿಂದಿನ ಗೋಡೆಗೆ ತಾಗದಂತೆ ಇಡಿ. ಹಾಲಿನ ಬಣ್ಣದ ಇನ್ಸುಲಿನ್ ಅನ್ನು ಅಂಗೈಗಳ ನಡುವೆ ನಿಧಾನವಾಗಿ ಉರುಳಿಸಿದ ಮೇಲೂ ಗಾಜಿನ ಗೋಡೆಗೆ ಹರಳು ಅಂಟಿದ್ದರೆ, ತಳದಲ್ಲಿ ಗಂಟು ಉಳಿದಿದ್ದರೆ ಎಸೆಯಿರಿ. ನೀರಿನಂತಿರುವ ಇನ್ಸುಲಿನ್ ಮಬ್ಬಾದರೂ ಅಷ್ಟೇ.

ಕರೆಂಟು ಇಲ್ಲದ ಕಡೆ ಮಡಕೆ ನಂಬಬಹುದು. ದೊಡ್ಡ ಮಡಕೆಯೊಳಗೆ ಚಿಕ್ಕದನ್ನಿಟ್ಟು, ನಡುವೆ ಮರಳು ತುಂಬಿ ನೀರು ಹೊಯ್ದು, ವಯಲನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಳಗಿಟ್ಟು ಒದ್ದೆ ಬಟ್ಟೆ ಮುಚ್ಚಿ ನೆರಳಿನಲ್ಲಿಡಿ. ನೀರು ಆವಿಯಾಗುವುದರಿಂದ ತಂಪು ಹುಟ್ಟುತ್ತದೆ. ಹಾಗಾಗಿ ರಾಯಚೂರು, ಕಲಬುರಗಿಯ ಒಣ ಬೇಸಿಗೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಮಂಗಳೂರಿನ ಬೆವರುವ ಗಾಳಿಯಲ್ಲಿ ಅಷ್ಟಕ್ಕಷ್ಟೆ. ಇದು ಬಳಕೆಯಲ್ಲಿರುವ ವಯಲಿಗೆ, ತಿಂಗಳ ದಾಸ್ತಾನಿಗಲ್ಲ.

ಮಾತ್ರೆಗಳ ಶತ್ರು ತೇವ. ಅಡುಗೆಮನೆಯ ಒಲೆಯ ಮೇಲಿನ ಕಪಾಟು, ಬಚ್ಚಲಿನ ಕನ್ನಡಿ ಪೆಟ್ಟಿಗೆ ಎರಡೂ ಬೇಡ. ಟೆಲ್ಮಿಸಾರ್ಟನ್, ಮೂರ್ಛೆರೋಗದ ಸೋಡಿಯಂ ವಾಲ್‌ಪ್ರೊಯೇಟ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ, ನುಂಗುವ ಹೊತ್ತಿಗೇ ಶೀಟಿನಿಂದ ಬಿಡಿಸಬೇಕು. ವಾರದ ಏಳು ಮನೆಯ ಡಬ್ಬಿಗೆ ಹಾಕುವುದಿದ್ದರೆ ಶೀಟನ್ನು ಒಂದೊಂದು ಮಾತ್ರೆಯಂತೆ ಕತ್ತರಿಸಿ ಹಾಗೇ ಹಾಕಿ. ತೇವಕ್ಕೆ ಸಿಕ್ಕಿದರೆ ಮೂರ್ಛೆರೋಗದ್ದೇ ಇನ್ನೊಂದು ಮಾತ್ರೆ ಕಾರ್ಬಮಜಪೈನ್ ಶಕ್ತಿ ಕಳೆದುಕೊಂಡು, ತಪ್ಪದೆ ನುಂಗಿದವರಿಗೂ ಮೂರ್ಛೆ ಬರಬಹುದು. ಥೈರಾಯ್ಡ್ ಮಾತ್ರೆ ಅದರ ಬಾಟಲಿಯಲ್ಲೇ ಇರಲಿ. ಎದೆನೋವಿನ ನೈಟ್ರೋಗ್ಲಿಸರಿನ್ ಮಾತ್ರೆ ಗಾಜಿನ ಸೀಸೆಯಲ್ಲಿ ಬಂದಿದ್ದರೆ ಪ್ಲಾಸ್ಟಿಕ್ ಡಬ್ಬಿಗೆ ಸುರಿಯಬೇಡಿ, ಔಷಧಿ ಆವಿಯಾಗಿ ಹೋಗುತ್ತದೆ.

ಬಿಪಿ ಮಾತ್ರೆಗೆ ಕಂಪನಿ ಬದಲಾದರೆ ದೊಡ್ಡ ತೊಂದರೆಯಿಲ್ಲ, ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿ ಅಗ್ಗಕ್ಕೂ ಸಿಗುತ್ತದೆ. ಮೂರ್ಛೆರೋಗ, ಥೈರಾಯ್ಡ್, ರಕ್ತ ತೆಳುವಾಗಿಸುವ ವಾರ್ಫರಿನ್ ವಿಷಯದಲ್ಲಿ ಮಾತ್ರ ಡಾಕ್ಟರನ್ನು ಕೇಳದೆ ಬದಲಿಸಬೇಡಿ. ಕಾಪು ಮುಖ್ಯವಾಗುವುದು ಇವಕ್ಕೇ.

ಚೀಟಿಯಲ್ಲಿ 'ಮೂರು ತಿಂಗಳು, ಪ್ರತಿ ತಿಂಗಳು ಕೊಡಬಹುದು' ಎಂದು ಬರೆಸಿಕೊಳ್ಳಿ. ಡಾಕ್ಟರು ಹಾಗೆ ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧಿ ಕೊಡಬೇಕೆಂಬುದು ನಿಯಮ. ನಿದ್ದೆ ಮಾತ್ರೆಯಂಥ ಎಚ್1 ಔಷಧಿಗೆ ಹೆಸರು, ಡಾಕ್ಟರು, ಪ್ರಮಾಣ ಎಲ್ಲ ಪುಸ್ತಕದಲ್ಲಿ ಏರುತ್ತದೆ. ಅವನ್ನು ಕಾಪಿಗೆಂದು ಹೆಚ್ಚು ಕೇಳಿ ಅಂಗಡಿಯವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ.

ಇನ್‌ಹೇಲರ್ ಡಬ್ಬದ ಮೇಲೆ ಎಷ್ಟು ಸಲಕ್ಕೆ ಎಂದು ಅಚ್ಚಾಗಿರುತ್ತದೆ. 120ರದ್ದು, ಬೆಳಿಗ್ಗೆ ಎರಡು ರಾತ್ರಿ ಎರಡು ಎಂದರೆ ಸರಿಯಾಗಿ 30 ದಿನ. ಅಲುಗಾಡಿಸಿ ನೋಡಿದರೆ ಗೊತ್ತಾಗದು, ಔಷಧಿ ಮುಗಿದ ಮೇಲೂ ಗಾಳಿ ಬರುತ್ತಲೇ ಇರುತ್ತದೆ. ಗ್ಲುಕೋಮೀಟರ್ ಸ್ಟ್ರಿಪ್ಪಿನಲ್ಲಿ ತಪ್ಪು ತಿರುಗುಮುರುಗು. ಅಗ್ಗವೆಂದು 50ರ ಬಾಟಲಿ ಒಯ್ಯುತ್ತಾರೆ, ವಾರಕ್ಕೆರಡು ಸಲ ಚುಚ್ಚಿಕೊಳ್ಳುತ್ತಾರೆ. ಹಲವು ಕಂಪನಿಯ ಬಾಟಲಿಗೆ ಮುಚ್ಚಳ ತೆಗೆದ ಮೇಲೆ ಮೂರು ತಿಂಗಳಷ್ಟೇ ಅವಧಿ, ಅಷ್ಟರಲ್ಲಿ ಖರ್ಚಾಗುವುದು 26. ಅವರಿಗೆ 25ರ ಬಾಟಲಿ ಸಾಕು.