ಲಕ್ಕಿ ಎಣ್ಣೆ ಪ್ರಯೋಗ: ಅಮ್ಮನ ಮೂಗು ಎಲ್ಲ ಕೆಡಿಸಿತು

ಮೊದಲ ಭಾನುವಾರ
ಮಂಡಿನೋವಿಗೆ ಲಕ್ಕಿ ಗಿಡದ ಸೊಪ್ಪಿನ ಎಣ್ಣೆ ಕಾಯಿಸುವುದು ನಮ್ಮ ಮಲೆನಾಡಲ್ಲಿ ಹೊಸದೇನಲ್ಲ. ಬಾಣಂತಿ ಸ್ನಾನದ ನೀರಿಗೂ ಇದೇ ಸೊಪ್ಪು. ನನಗೆ ತಿಳಿಯಬೇಕಿದ್ದದ್ದು ಒಂದೇ: ಅಮ್ಮನ ಮಂಡಿನೋವು ಇಳಿಸುವುದು ಲಕ್ಕಿಯೋ, ತಿಕ್ಕುವ ಕೈಯೋ?

ಅಳತೆ ಆಯುರ್ವೇದದ್ದು. ಅರೆದ ಸೊಪ್ಪು 1 ಪಾಲು, ಎಣ್ಣೆ 4, ಕಷಾಯ 16. ನನ್ನ ಲೆಕ್ಕಕ್ಕೆ 60 ಗ್ರಾಂ ಮುದ್ದೆ, ಕಾಲು ಲೀಟರ್ ಎಳ್ಳೆಣ್ಣೆ, ಒಂದು ಲೀಟರ್ ಕಷಾಯ. ಮುದ್ದೆಯನ್ನು ಬತ್ತಿಯಂತೆ ಹೊಸೆದು ಬೆಂಕಿಗೆ ಹಿಡಿಯಬೇಕು. ಚಟಪಟ ಅಂದರೆ ನೀರು ಇನ್ನೂ ಉಳಿದಿದೆ ಅಂತ. ಅಂದಿತು. ಆದರೂ ಕಾದು ಕಾದು ಸಾಕಾಗಿತ್ತು, ಸೋಸಿಬಿಟ್ಟೆ.

ಗುರುವಾರ
ಬಾಟಲಿಯ ತಳದಲ್ಲಿ ನೀರು, ಮೇಲೆ ಮುಗ್ಗಲು ವಾಸನೆ. ಪೂರ್ತಿ ಚೆಲ್ಲಿದೆ. ಎಳ್ಳೆಣ್ಣೆಯ ರೇಟು ನೆನೆದು ಹೊಟ್ಟೆ ಉರಿಯಿತು.

ಎರಡನೇ ಭಾನುವಾರ
ಈ ಸಲ ಸದ್ದು ನಿಲ್ಲುವವರೆಗೂ ಕಾದೆ. ಬಣ್ಣದ ಗಾಜಿನ ಎರಡು ಬಾಟಲಿ: ಒಂದರಲ್ಲಿ ಲಕ್ಕಿ ಎಣ್ಣೆ, ಇನ್ನೊಂದರಲ್ಲಿ ಬರೀ ಎಳ್ಳೆಣ್ಣೆ. ಮಗಳು ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಹಸಿರು ದಾರ ಕಟ್ಟಿದಳು. ಯಾವುದು ಯಾವುದು ಅನ್ನುವ ಚೀಟಿ ಅವಳ ಜಾಮಿಟ್ರಿ ಬಾಕ್ಸ್‌ನಲ್ಲಿ. ವಾರಕ್ಕೊಂದು ದಾರ. ದಿನಾ ಬೆಳಿಗ್ಗೆ ಮೆಟ್ಟಿಲು ಹತ್ತಿದ ಮೇಲೆ ಅಮ್ಮ 0ಯಿಂದ 10ರೊಳಗೆ ನೋವಿನ ಅಂಕ ಹೇಳಬೇಕು. ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಿಲ್ಲ. ಎಷ್ಟು ನುಂಗಿದರು ಅನ್ನುವುದನ್ನೂ ಬರೆಯುತ್ತೇನೆ.

ಎಲ್ಲ ಭದ್ರ ಅಂದುಕೊಂಡೆ. ಅಮ್ಮ ಹಸಿರು ದಾರದ ಮುಚ್ಚಳ ತೆಗೆದು ಮೂಸಿದರು. "ಇದು ಅಡುಗೆ ಎಣ್ಣೆ ಕಣೋ, ನಂಗೇ ಟೋಪಿ ಹಾಕ್ತೀಯಾ?"

ಅಲ್ಲಿಗೆ ಮುಗೀತು.

ಬುಧವಾರ, ಓದು
ಇದೇ ಪೇಚು ದೊಡ್ಡ ಸಂಶೋಧಕರಿಗೂ ಬಂದಿತ್ತು. ಮೆಣಸಿನಕಾಯಿಯ ಖಾರ, ಅಂದರೆ ಕ್ಯಾಪ್ಸೈಸಿನ್, ನರಗಳ ಟಿಆರ್‌ಪಿವಿ1 ಅನ್ನುವ ಬಾಗಿಲನ್ನು ತಟ್ಟುತ್ತದೆ. ಅದನ್ನು 1997ರಲ್ಲಿ ಗುರುತಿಸಿದ ತಂಡದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ನರದ ನೋವಿಗೆ ಚರ್ಮಕ್ಕೆ ಅಂಟಿಸುವ 8% ಕ್ಯಾಪ್ಸೈಸಿನ್ ಪಟ್ಟಿಯೂ ಇದೆ. ಆದರೆ ಪಟ್ಟಿ ಹಚ್ಚಿದರೆ ಚರ್ಮ ಉರಿಯುತ್ತದಲ್ಲ, ಯಾರಿಗೆ ಅಸಲಿ ಸಿಕ್ಕಿತು ಅಂತ ಗೊತ್ತಾಗಿಬಿಡುತ್ತದೆ. ಹಾಗಾಗಿ ಅದನ್ನು ಪರೀಕ್ಷಿಸುವಾಗ ಹೋಲಿಕೆಗೆ ಖಾಲಿ ಪಟ್ಟಿ ಇಡಲಿಲ್ಲ. 0.04% ಖಾರ ಇರುವುದನ್ನು ಇಟ್ಟರು. ಎಂಥಾ ತಲೆ!

ಲಕ್ಕಿಯ ಬಗ್ಗೆಯೂ ಓದಿದೆ. 2003ರಲ್ಲಿ ಶ್ರೀಲಂಕಾದ ಸಂಶೋಧಕರು ಹಸಿ ಎಲೆಯ ನೀರಿನ ಸಾರದಿಂದ ಇಲಿಗಳ ನೋವು, ಊತ ತಗ್ಗಿದ್ದನ್ನು ಬರೆದಿದ್ದಾರೆ. ಆದರೆ ಅದು ಇಲಿಗೆ ಕುಡಿಸಿದ್ದು. ನಾವು ಮಂಡಿಗೆ ಹಚ್ಚುವುದು ಎಣ್ಣೆ. ಇಲಿಯ ಹೊಟ್ಟೆಯಿಂದ ಅಮ್ಮನ ಮಂಡಿಗೆ ದೂರ ಜಾಸ್ತಿಯೇ.

ಮೂರನೇ ಭಾನುವಾರ
ಖಾರದ ಉಪಾಯವನ್ನೇ ಕದ್ದೆ. ಬರೀ ಎಳ್ಳೆಣ್ಣೆಗೆ ನಾಲ್ಕು ಚಮಚ ಲಕ್ಕಿ ಎಣ್ಣೆ ಬೆರೆಸಿದೆ, ವಾಸನೆಗೆ ಅಷ್ಟೆ. ಮಗಳು ದಾರ ಹೊಸದಾಗಿ ಕಟ್ಟಿದಳು. ದಿನಾ ಅವಳೇ ತಿಕ್ಕುತ್ತಾಳೆ, ಮೊಬೈಲ್‌ನಲ್ಲಿ ಐದು ನಿಮಿಷ ಇಟ್ಟುಕೊಂಡು. ಚೀಟಿ ಗೊತ್ತಿರುವವಳೇ ತಿಕ್ಕುವುದು ತಪ್ಪು ಅಂತ ಆಮೇಲೆ ಹೊಳೆಯಿತು. ನಾಳೆಯಿಂದ ನಾನೇ.

ಅಮ್ಮ ಎರಡೂ ಮೂಸಿದರು. ಏನೂ ಹೇಳಲಿಲ್ಲ.

ಐದನೇ ಭಾನುವಾರ
ಕೆಂಪು ದಾರದ ವಾರ: 7, 6, 6, 5, 6, 5, 5. ಹಸಿರಿನ ವಾರ: 5, 6, 5, 5, 4, 5, 5. ಕೆಂಪಲ್ಲಿ ಇಳಿದ ನೋವು ಹಸಿರಲ್ಲಿ ಮತ್ತೆ ಏರಲಿಲ್ಲ. ಚೀಟಿ ತೆಗೆಯಲು ಕೈ ತುರಿಸುತ್ತಿದೆ, ಆದರೆ ಇನ್ನೂ ನಾಲ್ಕು ವಾರ ಇದೆ. ಮಗಳು ಜಾಮಿಟ್ರಿ ಬಾಕ್ಸನ್ನು ಶಾಲೆಯಲ್ಲೇ ಬಿಟ್ಟು ಬಂದಿದ್ದಾಳಂತೆ.